ದಿಡ್ಡಿ ಬಾಗಿಲು, ನೀಲಿ ಚಪ್ಪಲಿ

ಹೋದ ವಾರ ನನ್ನ ಮೊಬೈಲು ಕೈಜಾರಿ ಬಿದ್ದು ಚಾರ್ಜ್ ಆಗುವುದನ್ನೇ ನಿಲ್ಲಿಸಿತು. ಮೈಲಾಪೂರಿನ ಕೊಳದ ಹತ್ತಿರದ ಸಂದಿಯಲ್ಲಿ ಒಂದು ರಿಪೇರಿ ಅಂಗಡಿಯಿದೆ. ಅಂಗಡಿಯೆಂದರೆ ಒಬ್ಬರು ಕೂತು ಇನ್ನೊಬ್ಬರು ನಿಲ್ಲುವಷ್ಟು ಜಾಗ, ಅಷ್ಟೇ. ಅಂಗಡಿಯವರು ಮೊಬೈಲಿನ ಹೊಟ್ಟೆ ಬಿಚ್ಚಿ, ಕಾದ ಬೆಸುಗೆಯ ಕಡ್ಡಿಯನ್ನು ರಾಳದ ಡಬ್ಬಿಗೆ ಒತ್ತಿದರು. ಬಿಳಿ ಹೊಗೆಯ ಎಳೆಯೊಂದು ಎದ್ದು ನೇರ ನನ್ನ ಮೂಗಿಗೇ ಬಂತು. ಸಾಂಬ್ರಾಣಿಯಂತೆ ಶುರುವಾಗಿ ಗಂಟಲಲ್ಲಿ ಕಹಿಯಾಗಿ ಮುಗಿಯುವ ವಾಸನೆ. ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಎದ್ದವಳು ಮಾಡಿದ ಮೊದಲ ಕೆಲಸ, ಅಂಗಡಿಗೆ ಹಿಂಬಾಗಿಲು ಇದೆಯೇ ಎಂದು ಇಣುಕಿದ್ದು. ಇತ್ತು. ಅದಕ್ಕೆ ಅಡ್ಡಲಾಗಿ ಹಳೇ ಟೀವಿಗಳನ್ನು ಪೇರಿಸಿಟ್ಟಿದ್ದರು. ನಾನು ಹುಡುಕುತ್ತಿರುವುದು ಬಾತ್‌ರೂಮನ್ನು ಎಂದುಕೊಂಡು ಪಾಪ, ಅದು ಇಲ್ಲವೆಂದು ಆತ ತಮಿಳಿನಲ್ಲಿ ಸಂಕೋಚದಿಂದ ಹೇಳಿದರು.

ಸಿನಿಮಾ ಹಾಲ್, ಮದುವೆ ಛತ್ರ, ಮಗಳ ಶಾಲೆ, ಎಲ್ಲಿಗೆ ಹೋದರೂ ನನ್ನದು ಇದೇ ಗೋಳು. ಮಗಳಿಗೆ ನಾಚಿಕೆ. “ಅಮ್ಮಾ, ಮೊದಲ್ಲ ಉಕ್ಕಾರು,” ಎಂದು ಕೈ ಹಿಡಿದು ಎಳೆದು ಕೂರಿಸುತ್ತಾಳೆ. ನಾನು ಕನ್ನಡದಲ್ಲಿ ಎಷ್ಟೇ ಗದರಿದರೂ ಅವಳ ಉತ್ತರ ತಮಿಳಿನಲ್ಲೇ. ಕೂರು ಅಂದರೆ ಕೂರುವುದು ಹೇಗೆ? ಆ ಒಂದು ಕತ್ತಿರಿ ಎಂದೋ ಕಳೆದುಹೋಯಿತು, ನನ್ನ ಕಾಲುಗಳಿಗೆ ಮಾತ್ರ ಅದು ಇನ್ನೂ ಗೊತ್ತಾಗಿಲ್ಲ.

ಚೆನ್ನೈಯಲ್ಲಿ ಕತ್ತಿರಿಯೆಂದರೆ ಮೇ ತಿಂಗಳ ಅಗ್ನಿನಕ್ಷತ್ರದ ಬಿಸಿಲು. ಕಡಲ ಗಾಳಿ ಬರಲು ಮಧ್ಯಾಹ್ನ ಕಳೆಯಬೇಕು, ಅಲ್ಲಿಯವರೆಗೆ ಡಾಂಬರು ಚಪ್ಪಲಿಗೆ ಅಂಟುತ್ತದೆ. ಆ ವರ್ಷ ಕತ್ತಿರಿ ಹುಟ್ಟುವುದಕ್ಕೂ ದೂರದ ಗಡಿಯಲ್ಲಿ ಯುದ್ಧ ಹತ್ತಿಕೊಳ್ಳುವುದಕ್ಕೂ ಸರಿಹೋಯಿತು. ನಾನಾಗ ಪೆರುಂಗುಡಿಯಲ್ಲಿ, ಐ.ಟಿ. ಕಂಪನಿಗಳ ಗಾಜಿನ ಕಟ್ಟಡಗಳ ಬೆನ್ನಿಗಿದ್ದ ಒಂದು ಫ್ಯಾಕ್ಟರಿಯಲ್ಲಿ ಸೇಫ್ಟಿ ಆಫೀಸರ್. ಮದ್ದೂರಿನ ಕಡೆಯವಳು ಗಂಡನ ವರ್ಗಾವಣೆಯ ಬೆನ್ನು ಹಿಡಿದು ಬಂದು ಅಡ್ಯಾರಿನಲ್ಲಿ ಮನೆ ಮಾಡಿ, ತಮಿಳಿನಲ್ಲಿ ತರಕಾರಿ ಕೊಳ್ಳುವಷ್ಟು ಮಾತು ಕಲಿತಿದ್ದೆ. ಫ್ಯಾಕ್ಟರಿಯ ಎರಡನೇ ಮಹಡಿಯಲ್ಲಿ ಉದ್ದನೆಯ ಒಂದೇ ಹಾಲ್. ಅಲ್ಲಿ ಸಾಲುಸಾಲಾಗಿ ಕೂತ ಹೆಂಗಸರು ವೈರ್‌ಲೆಸ್ ಸೆಟ್ಟುಗಳೊಳಗೆ ಹೋಗುವ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದರು. ಹೊರಗೆ ಬೆಂಕಿ, ಒಳಗೆ ಏ.ಸಿ.ಯ ಚಳಿ ಮತ್ತು ಸದಾ ರಾಳದ ವಾಸನೆ. ಹಾಲಿಗೆ ಬಾಗಿಲು ಎರಡು. ಮುಂದಿನದು ದೊಡ್ಡ ಮೆಟ್ಟಿಲಿಗೆ, ಹಿಂದಿನದು ಗೋಡೆಯ ಹೊರಗೆ ಅಂಟಿಸಿದ್ದ ಕಬ್ಬಿಣದ ಮೆಟ್ಟಿಲಿಗೆ.

ಆ ಬೋರ್ಡುಗಳದು ಬಾಣಂತಿ ಕೋಣೆಯ ಕೂಸಿನ ನಾಜೂಕು. ನಮ್ಮ ಮೈಯಲ್ಲೇ ಹುಟ್ಟುವ, ಕಣ್ಣಿಗೂ ಕಾಣದ ಒಂದು ಕಿಡಿ ತಗುಲಿದರೆ ಸಾಕು, ಒಳಗೊಳಗೇ ಸತ್ತುಹೋಗುತ್ತವೆ. ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಕೆಲಸಗಾರರ ಮಣಿಕಟ್ಟಿಗೆ ಮೇಜಿಗೆ ಸೇರಿಸಿದ ವೈರಿನ ಪಟ್ಟಿ, ಮೈಮೇಲೆ ಕೋಟು, ಕಾಲಿಗೆ ಕಂಪನಿ ಕೊಡುವ ನೀಲಿ ಚಪ್ಪಲಿ. ಮನೆಯಿಂದ ಹಾಕಿಕೊಂಡು ಬಂದದ್ದನ್ನು ಮುಂಬಾಗಿಲ ಹೊರಗೆ, ಮೆಟ್ಟಿಲ ತಲೆಯಲ್ಲಿದ್ದ ರ್‍ಯಾಕಿನಲ್ಲಿಟ್ಟು, ನೀಲಿ ಚಪ್ಪಲಿ ಮೆಟ್ಟಿ ಒಳಗೆ ಹೋಗಬೇಕು. ಊಟಕ್ಕೆ ಹೋಗಲಿ, ಮನೆಗೆ ಹೋಗಲಿ, ನೀಲಿ ಚಪ್ಪಲಿ ಮಾತ್ರ ಹೊಸ್ತಿಲು ದಾಟುವಂತಿಲ್ಲ. ಹೊರಗಿನ ಧೂಳು ಮೆತ್ತಿದ ನೀಲಿ ಚಪ್ಪಲಿ ಸತ್ತ ಚಪ್ಪಲಿಯಂತೆ.

ಈ ಕಾನೂನಿನ ಒಡತಿ ಪದ್ಮಿನಮ್ಮ, ಹಾಲಿನ ಸೂಪರ್‌ವೈಸರ್. ಮುತ್ತಜ್ಜನ ಕಾಲದಿಂದ ಮೈಲಾಪೂರಿನಲ್ಲೇ ಬೇರುಬಿಟ್ಟ ಮಾಧ್ವರ ಮನೆಯವರು. ಮನೆಮಾತು ಕನ್ನಡ. ಆದರೆ ಬಾಯಿ ಬಿಟ್ಟರೆ ಕನ್ನಡ ಯಾವುದು, ತಮಿಳು ಯಾವುದು ಎಂದು ಆರಿಸಬೇಕು. ನಾನು ಸೇರಿದ ಮೊದಲ ದಿನ ನನ್ನ ಮಾತು ಕೇಳಿ, “ಏನೇ ಭಾರತಿ, ಗದ್ದೆ ಬದು ಮೇಲೆ ನಿಂತು ಕೂಗೋ ಹಾಗೆ ಪೇಸ್ತೀಯಲ್ಲ,” ಎಂದಿದ್ದರು. “ನಿಮ್ ಕನ್ನಡ ಇಡ್ಲಿ ಇದ್ದಂಗೈತೆ ಕಣಮ್ಮ, ಅರ್ಧ ಸಾಂಬಾರಲ್ಲೇ ಮುಳುಗೈತೆ,” ಎಂದೆ ನಾನು. ಅಂದಿನಿಂದ ಕ್ಯಾಂಟೀನಿನಲ್ಲಿ ನಮ್ಮಿಬ್ಬರದು ಒಂದೇ ಮೇಜು. ಅವರಿಗೆ ಎಂಜಲಿನ ಭಯ, ಹಾಗಾಗಿ ಪುಳಿಯೋಗರೆಯನ್ನು ಒಂದು ಗೇಣು ಮೇಲಿಂದ ನನ್ನ ತಟ್ಟೆಗೆ ಬೀಳಿಸುತ್ತಿದ್ದರು. ಮನೆಯ ಮಡಿಯನ್ನು ಹಾಗೆಯೇ ಫ್ಯಾಕ್ಟರಿಗೂ ತಂದಿದ್ದರು ಪುಣ್ಯಾತ್ಗಿತ್ತಿ. ಹೆಂಗಸರು ಆ ಹಾಲಿಗೆ ‘ಮಡಿ ರೂಮ್’ ಎಂದೇ ಹೆಸರಿಟ್ಟಿದ್ದರು. ಯಾರಾದರೂ ನೀಲಿ ಚಪ್ಪಲಿಯಲ್ಲಿ ಒಂದು ಹೆಜ್ಜೆ ಹೊರಗಿಟ್ಟರೆ ಪದ್ಮಿನಮ್ಮನ ಕೂಗು ಕೆಳಗಿನ ವಾಚ್‌ಮನ್ನಿಗೂ ಕೇಳಿಸುತ್ತಿತ್ತು.

ಯುದ್ಧ ಶುರುವಾದದ್ದು ನಮಗೆ ಗೊತ್ತಾದದ್ದು ಕ್ಯಾಂಟೀನಿನ ಟೀವಿಯಲ್ಲಿ. ಇಡ್ಲಿ ತಿನ್ನುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. ಗಡಿ ಎಲ್ಲಿ, ಪೆರುಂಗುಡಿ ಎಲ್ಲಿ ಎಂದು ಯಾರೋ ನಕ್ಕರು. ಪದ್ಮಿನಮ್ಮ ನಗಲಿಲ್ಲ. ಅವರ ಅಳಿಯ ಸೈನ್ಯದಲ್ಲಿ, ಸಂದೇಶ ಕಳಿಸುವ ದಳದಲ್ಲಿದ್ದ. ಮಗಳು ವಸುಧಾ ಉತ್ತರದ ಯಾವುದೋ ಊರಿನ ಸೈನಿಕರ ಕ್ವಾರ್ಟರ್ಸಿನಲ್ಲಿದ್ದಳು. ಯುದ್ಧ ಶುರುವಾದ ದಿನದಿಂದ ಅವನ ಫೋನಿಲ್ಲ. ಅಂದು ಪದ್ಮಿನಮ್ಮ ತಟ್ಟೆಯನ್ನು ಹಾಗೇ ಬಿಟ್ಟು ಹಾಲಿಗೆ ಹೋಗಿ, ಒರೆಸಿದ್ದ ಮೇಜುಗಳನ್ನೇ ಮತ್ತೆ ಒರೆಸತೊಡಗಿದರು.

ಮರುದಿನವೇ ಮಾಲೀಕರ ಆಜ್ಞೆ ಬಂತು. ನಮ್ಮ ಮಾಲೀಕರು ಕೆಟ್ಟ ಮನುಷ್ಯರೇನಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮುರುಗನ ಹೆಸರು. ಆದರೆ ಹೆದರಿದ ಒಳ್ಳೆಯವರು ಮಾಡುವ ಕೆಲಸ ನೋಡಿ ನನಗೆ ಅವರಿಗಿಂತ ಹೆಚ್ಚು ಹೆದರಿಕೆಯಾಯಿತು. ಬೋರ್ಡುಗಳಿಗೆ ಬೇಡಿಕೆ ಏರಿದೆ, ಎಲ್ಲರೂ ಹೆಚ್ಚು ಹೊತ್ತು ಕೆಲಸ ಮಾಡಬೇಕು. ಹೊರಗಿನವರು ನುಸುಳಬಾರದು, ಹಿಂಬಾಗಿಲಿಗೆ ಬೀಗ. ರಾತ್ರಿ ಬೆಳಕು ಹೊರಗೆ ಕಾಣಬಾರದು, ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಎರಡು ಗಂಟೆಯಲ್ಲಿ ಹಾಲ್ ಟ್ರಂಕಿನ ಒಳಗಿನಂತಾಯಿತು, ದೀಪವಿದ್ದರಷ್ಟೇ ಬೆಳಕು. ಹಿಂಬಾಗಿಲಿನ ಬೀಗದ ಕೀಲಿಕೈ ನಂಬಿಕಸ್ಥೆ ಪದ್ಮಿನಮ್ಮನ ಕೈಗೆ ಹೋಯಿತು. ಅವರು ಅದನ್ನು ಮಾಂಗಲ್ಯದ ಸರದಲ್ಲಿ ಸೇಫ್ಟಿ ಪಿನ್ನುಗಳ ಗೊಂಚಲಿಗೆ ಸಿಕ್ಕಿಸಿ ಕೋಟಿನೊಳಗೆ ಇಳಿಬಿಟ್ಟುಕೊಂಡರು.

ನಾನು ಮೊದಲು ಮಾಲೀಕರ ಹತ್ತಿರ ಹೋದೆ. ಹೊರಗಿನವರು ಬರಬಾರದು ಎನ್ನುವುದು ಸರಿ, ಒಳಗಿನವರು ಹೋಗಬಾರದು ಎಂದಲ್ಲವಲ್ಲ. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ, ಹೊರಗಿನಿಂದ ತೆರೆಯಲಾಗದ ಬಾಗಿಲುಗಳಿವೆ, ಅಂಥದ್ದು ಹಾಕಿಸಿ ಎಂದೆ. ಯುದ್ಧ ಮುಗಿಯಲಿ, ಆಮೇಲೆ ನೋಡೋಣ ಎಂದರು. ಬೆಂಕಿ ಬಿದ್ದಾಗ ಬಾವಿ ತೋಡುವವರಿಗೆ ಎಷ್ಟು ಹೇಳುವುದು? ಸಿಟ್ಟಿನಲ್ಲಿ ಮೇಲೆ ಹತ್ತಿ ಪದ್ಮಿನಮ್ಮನನ್ನು ಹಿಡಿದೆ.

“ಆ ಬೀಗ ತೆಗೀರಮ್ಮ. ಇಷ್ಟು ಜನ ಹೆಂಗಸ್ರು ಮಹಡಿ ಮೇಲವ್ರೆ. ಏನಾರ ಆದ್ರೆ ಒಂದೇ ಮೆಟ್ಲಲ್ಲಿ ಇಳಿಯಕ್ಕಾಯ್ತದಾ?”

“ಯುದ್ಧ ಟೈಮಲ್ಲಿ ಬಾಗ್ಲು ತೆಗೀ ಅನ್ನೋಳು ಊರಿಗೆಲ್ಲ ನೀನೊಬ್ಬಳೇ ನೋಡು. ಯಾವನಾದ್ರೂ ನುಗ್ಗಿದ್ರೆ? ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗ್ಲು ಹಾಕಿದ್ರಂತೆ, ಆ ಕತೆ ಆಗ್ಬೇಕಾ? ಪೂಟ್ಟು ಹಾಕಿದ್ದು ಹಾಕಿದ್ದೇ.” ಬೀಗಕ್ಕೆ ಅವರ ಬಾಯಲ್ಲಿ ಯಾವಾಗಲೂ ಪೂಟ್ಟು.

“ದಿಡ್ಡಿ ಬಾಗ್ಲು ಇರೋದು ಒಳಗಿನೋರು ಜೀವ ಉಳಿಸ್ಕಳಕ್ಕೂ ಕಣಮ್ಮ.”

ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ಭಾರತಿ, ಇಲ್ಲಿ ಯಾವನೋ ಬಂದು ಕೈ ಇಟ್ಟು ಒಂದು ಬೋರ್ಡ್ ಕೆಟ್ರೂ, ಅಲ್ಲಿ ನಮ್ಮ ಅಳಿಯನ ಕಿವೀಗೆ ಏನೂ ಕೇಳ್ಸೋದಿಲ್ಲ. ಹಿಂದಕ್ಕೆ ಬಾ ಅಂತ ಕೂಗಿದ್ರೂ ಕೇಳ್ಸೋದಿಲ್ಲ. ಅದು ನಿನಗೆ ಪುರಿಯತ್ತಾ, ತಿಳಿಯತ್ತಾ?”

ನಮ್ಮ ಬೋರ್ಡು ಯಾರ ಸೆಟ್ಟಿಗೆ ಹೋಗುತ್ತದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾವು ಒಂದು ಕಂಪನಿಗೆ ಕೊಡುತ್ತಿದ್ದೆವು, ಅವರು ಇನ್ನೊಂದಕ್ಕೆ. ಆದರೆ ಆ ತಾಯಿಯ ತಲೆಯಲ್ಲಿ ಎಲ್ಲ ಬೋರ್ಡುಗಳೂ ಒಂದೇ ಕಿವಿಯ ಹತ್ತಿರ ಹೋಗಿ ನಿಲ್ಲುತ್ತಿದ್ದವು. ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ಅವರು ಒಂದು ಜೀವ ಕಾಯುತ್ತಿದ್ದರು, ನಾನು ಇಷ್ಟೂ ಜೀವ ಕಾಯಬೇಕಿತ್ತು. ನಡುವೆ ಒಂದು ಬೀಗ.

ಆ ದಿನಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಗೇಟು ಹೊಕ್ಕವಳು ಮೊದಲು ಹಿಂದಿನ ಗೋಡೆಯ ಕಡೆ ಹೋಗಿ ಕಬ್ಬಿಣದ ಮೆಟ್ಟಿಲನ್ನು ನೋಡುತ್ತಿದ್ದೆ, ಏಕೆ ಎಂದು ನನಗೇ ಗೊತ್ತಿಲ್ಲ. ಮೇಲೆ ಹತ್ತಿದರೆ ಇಳಿಯಬೇಕು ಅನಿಸುತ್ತಿತ್ತು, ಇಳಿದರೆ ಹತ್ತಬೇಕು. ದಿನಕ್ಕೊಂದು ಸುದ್ದಿ. ಕಡಲಲ್ಲಿ ಗುರುತಿಲ್ಲದ ದೋಣಿ ಕಂಡಿತಂತೆ, ಬಂದರಿಗೆ ಕಾವಲು ಹೆಚ್ಚಿಸಿದರಂತೆ, ಪೆಟ್ರೋಲು ಸಿಗುವುದಿಲ್ಲವಂತೆ. ಎಲ್ಲ ಅಂತೆಗಳೇ. ಊಟ ಸೇರುತ್ತಿರಲಿಲ್ಲ. ವಿಮಾನ ನಿಲ್ದಾಣಕ್ಕೆ ಇಳಿಯುವ ಮಾಮೂಲು ವಿಮಾನದ ಸದ್ದಿಗೂ ಹೆಂಗಸರು ತಲೆಯೆತ್ತಿ ಚಾವಣಿ ನೋಡುತ್ತಿದ್ದರು. ನಾನು ಮಾತ್ರ ಹಿಂಬಾಗಿಲು ನೋಡುತ್ತಿದ್ದೆ. ಬಾಂಬು ಬೀಳದಿದ್ದರೂ ನಾವು ಸಾಯಬಹುದು ಎನ್ನುವುದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಸರ್ಕಾರದಿಂದ ಆದೇಶ ಬಂತು, ಎಲ್ಲೆಡೆ ಅಣಕು ಕಾರ್ಯಾಚರಣೆ ಮಾಡಬೇಕು. ಸೈರನ್ ಕೂಗಿದಾಗ ಜನ ಎಷ್ಟು ಬೇಗ ಕಟ್ಟಡದಿಂದ ಇಳಿಯುತ್ತಾರೆ ಎಂದು ನೋಡಬೇಕು. ನನಗೆ ಖುಷಿಯೋ ಖುಷಿ. ಈಗಲಾದರೂ ಒಂದು ಬಾಗಿಲಿನ ಹಣೆಬರಹ ಎಲ್ಲರ ಕಣ್ಣಿಗೆ ಬೀಳುತ್ತದೆ ಅಂದುಕೊಂಡೆ. ನಡುಮಧ್ಯಾಹ್ನ ಸೈರನ್ ಒತ್ತಿಸಿ ಮೆಟ್ಟಿಲ ಬುಡದಲ್ಲಿ ನಿಂತೆ. ಸೈರನ್ ಕೂಗಿತು, ಕೂಗಿತು. ಮೇಲಿನಿಂದ ಒಬ್ಬರೂ ಬರಲಿಲ್ಲ. ಗಾಬರಿಯಾಗಿ ಓಡಿ ಹತ್ತಿದೆ.

ಮೆಟ್ಟಿಲ ತಲೆಯಲ್ಲಿ ಅವರೆಲ್ಲ ಬಗ್ಗಿ ನಿಂತಿದ್ದರು. ನೀಲಿ ಚಪ್ಪಲಿ ಕಳಚಿ, ಜೊತೆ ಮಾಡಿ, ರ್‍ಯಾಕಿನಲ್ಲಿ ಅವರವರ ಜಾಗದಲ್ಲಿಟ್ಟು, ತಮ್ಮ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಹಿಂದಿನವರು ಮುಂದಿನವರನ್ನು ಒತ್ತುತ್ತಿದ್ದರು, ಮುಂದಿನವರು ಬಗ್ಗಿದ ತಲೆ ಎತ್ತಲಾರರು. ನಾನು ಕೂಗುತ್ತಿರುವಾಗಲೇ ಅಮುದಾ ಎನ್ನುವವಳು ಆ ನೂಕಿಗೆ ಮುಗ್ಗರಿಸಿ ಮೆಟ್ಟಿಲ ಮೇಲೆ ಉರುಳಿದಳು. ಹಿಡಿದು ಎತ್ತಿದಾಗ ಕಣಕಾಲು ಆಗಲೇ ಊದಿಕೊಂಡಿತ್ತು. ಅವಳು ನನ್ನನ್ನು ನೋಡಲೇ ಇಲ್ಲ. ಮೇಲೆ ನಿಂತ ಪದ್ಮಿನಮ್ಮನ ಕಡೆ ತಿರುಗಿ, “ಸೆರುಪ್ಪ ವೆಚ್ಚುಟ್ಟೇಮ್ಮಾ,” ಎಂದಳು. ಚಪ್ಪಲಿ ಜಾಗದಲ್ಲೇ ಇಟ್ಟಿದ್ದೇನಮ್ಮಾ ಎಂದು. ಯುದ್ಧದ ಸೈರನ್ ಕೂಗುತ್ತಿರುವಾಗ ಅವಳಿಗಿದ್ದ ಭಯ ಅದೊಂದೇ.

ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಮಾಲೀಕರು ಹೆಬ್ಬೆರಳು ಎತ್ತಿಸಿ ಫೋಟೋ ತೆಗೆಸಿದರು. ಅಮುದಾಳನ್ನು ಕುರ್ಚಿಯ ಮೇಲೆ ಕೂರಿಸಿದ್ದರು, ಅವಳೂ ಎತ್ತಿದಳು.

“ನೋಡಿದ್ರಾ ನಿಮ್ ಮಡೀನಾ?” ಎಂದೆ ನಾನು ಪದ್ಮಿನಮ್ಮನಿಗೆ, ಎಲ್ಲರೆದುರಿಗೇ. “ನಾಳೆ ನಿಜವಾಗ್ಲೂ ಏನಾರ ಆದ್ರೆ ಇವರೆಲ್ಲ ಚಪ್ಲಿ ಜೋಡಿಸ್ಕಂಡೇ ಸಾಯ್ತಾರೆ.”

“ನೀಲಿ ಚಪ್ಲೀಲಿ ಧೂಳಿಗೆ ಇಳಿದ್ರೆ ನಾಳೆ ಎಲ್ಲಾ ಒಳಗೆ ಬರತ್ತೆ. ನಿನ್ನ ಸೇಫ್ಟಿಗೆ ನನ್ನ ರೂಮ್ ಹಾಳ್ಮಾಡ್ತೀಯಾ?” ಎಂದವರು ಮುಖ ತಿರುಗಿಸಿ ಹೋದರು.

ಅಲ್ಲಿಗೆ ಮಾತು ಬಂದ್. ಪುಳಿಯೋಗರೆಯೂ ಬಂದ್. ಮರುದಿನದಿಂದ ನಾವಿಬ್ಬರೂ ರ್‍ಯಾಕಿನ ಯುದ್ಧ ಶುರುಮಾಡಿದೆವು. ಬೆಳಿಗ್ಗೆ ಬಂದವಳೇ ನಾನು ರ್‍ಯಾಕನ್ನು ಮೆಟ್ಟಿಲ ತಲೆಯಿಂದ ಎಳೆದು ಕಾರಿಡಾರಿನ ಮೂಲೆಗೆ ತಳ್ಳುತ್ತಿದ್ದೆ. ಟೀ ಹೊತ್ತಿಗೆ ಅದು ಮತ್ತೆ ಮೆಟ್ಟಿಲ ತಲೆಗೆ ಬಂದಿರುತ್ತಿತ್ತು. ಊಟವಾದ ಮೇಲೆ ನಾನು ಮತ್ತೆ ಎಳೆಯುತ್ತಿದ್ದೆ. ಎದುರು ಬದುರು ಸಿಕ್ಕರೂ ಇಬ್ಬರದೂ ತುಟಿ ಹೊಲಿದ ಬಾಯಿ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಬೇರೆ ದಿನವಾಗಿದ್ದರೆ ನನಗೂ ನಗು ಬರುತ್ತಿತ್ತು. ಬೀಗ ತೆಗೆಯದಿದ್ದರೆ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ಹೇಳುತ್ತೇನೆ ಎಂದು ಮಾಲೀಕರಿಗೆ ಮುಖದ ಮೇಲೆಯೇ ಹೇಳಿಬಂದೆ. ಯುದ್ಧ ಮುಗಿದ ಮರುದಿನ ಖಂಡಿತ ಎಂದರು, ಮುರುಗನ ಮೇಲೆ ಆಣೆಯಿಟ್ಟು.

ಯುದ್ಧ ಮುಗಿಯಿತು. ಕದನ ವಿರಾಮವೆಂದು ಟೀವಿಯಲ್ಲಿ ಹೇಳಿದರು. ಈಗ ನೆನೆದರೆ ಅದು ನಡೆದದ್ದೇ ಕೆಲವು ದಿನ, ನಮ್ಮೊಳಗೆ ಮಾತ್ರ ವರ್ಷದಷ್ಟು ಉದ್ದವಾಗಿ ಹರಡಿತ್ತು. ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದರು. ನಾನು ನನ್ನ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹಾಲಿಗೆ ಓಡಿದೆ. ಪದ್ಮಿನಮ್ಮ ಹಿಂಬಾಗಿಲ ಮುಂದೆ ನಿಂತಿದ್ದರು. ಎಷ್ಟೋ ದಿನದ ಮೇಲೆ ಅವರೇ ಮಾತಾಡಿದರು.

“ಕೇಳ್ಬೇಡ ಭಾರತಿ. ಅವನ ಫೋನ್ ಇನ್ನೂ ಬಂದಿಲ್ಲ.”

“ಯುದ್ಧ ಮುಗೀತಲ್ಲಮ್ಮ.”

“ಟೀವೀಲಿ ಮುಗೀತು. ಅವನ ಫೋನ್ ಬರ್ಲಿ, ಅದ್ನ ಕೇಳಿದ ನಿಮಿಷ ಪೂಟ್ಟು ತೆಗೀತೀನಿ. ಅಲ್ಲೀವರ್ಗೆ ಕೈ ಬರೋದಿಲ್ಲ ನಂಗೆ.”

ಅದು ಹಟವಲ್ಲ. ಬೀಗ ತೆಗೆದರೆ ಅಲ್ಲೆಲ್ಲೋ ಏನೋ ಕಳಚಿಬೀಳುತ್ತದೆ ಎಂದು ಆಕೆಯ ಜೀವ ನಂಬಿಬಿಟ್ಟಿತ್ತು. ಮಾಲೀಕರಂತೂ ಪದ್ಮಿನಮ್ಮ ಹೇಳಿದ ಹಾಗೆ ಆಗಲಿ ಎಂದು ಕೈ ತೊಳೆದುಕೊಂಡರು. ಕಪ್ಪು ಕಾಗದವನ್ನೂ ಯಾರೂ ಕೀಳಲಿಲ್ಲ, ಬಿಸಿಲಿಗೆ ಒಳ್ಳೆಯದೇ ಆಯಿತು ಎಂದರು. ನಾನು ಮೈಸೂರ್ ಪಾಕನ್ನು ಅಮುದಾಳ ಮೇಜಿನ ಮೇಲಿಟ್ಟು ಕೆಳಗಿಳಿದೆ. ನಾಳೆ ಇನ್‌ಸ್ಪೆಕ್ಟರ ಆಫೀಸಿಗೆ ಹೋಗುವುದೇ ಸರಿ ಎಂದು ಮನಸ್ಸು ಮಾಡಿದ್ದೆ.

ಆ ನಾಳೆ ಮಧ್ಯಾಹ್ನವೇ ಅದು ಆದದ್ದು. ಇನ್‌ಸ್ಪೆಕ್ಟರು ಹೊರಗೆ ಹೋಗಿದ್ದಾರೆಂದು ಆಫೀಸಿನಿಂದ ಬರಿಗೈಲಿ ಬಂದು, ರ್‍ಯಾಕನ್ನಾದರೂ ಎಳೆಯೋಣ ಎಂದು ಮೇಲೆ ಹತ್ತಿದ್ದೆ. ಹಾಲಿನೊಳಗೆ ನಿಂತಾಗ ರಾಳದ ವಾಸನೆಯ ನಡುವೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು, ಕೊಳೆತ ಮೊಟ್ಟೆಯದು. ಮುಂದಿನ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಕರೆಂಟು ಹೋದಾಗ ಬೇಕೆಂದು ಇಟ್ಟ ಬ್ಯಾಟರಿಗಳಿದ್ದವು. ಹೆಚ್ಚಿನ ಕೆಲಸ, ಎಡೆಬಿಡದ ಏ.ಸಿ., ಕತ್ತಿರಿಯ ಕಾವು, ಎಲ್ಲ ಸೇರಿ ಅವು ಕಾದು ಹೊತ್ತಿಕೊಂಡಿದ್ದವು. ಏನದು ಎಂದು ಕೇಳುವಷ್ಟರಲ್ಲಿ ಕರೆಂಟು ಹೋಯಿತು. ನಡುಹಗಲಿನಲ್ಲಿ ಕಣ್ಣಿಗೆ ಕೈ ಕಾಣದ ಕತ್ತಲು. ಕಪ್ಪು ಕಾಗದವನ್ನು ಅಷ್ಟು ಚೆನ್ನಾಗಿ ಅಂಟಿಸಿದ್ದರು.

ಮುಂಬಾಗಿಲು ತೆರೆದವರು ಕೆಮ್ಮುತ್ತ ಹಿಂದಕ್ಕೆ ಬಂದರು. ಮೆಟ್ಟಿಲು ಹೊಗೆಯ ಕೊಳವೆಯಾಗಿತ್ತು. ನಾನು ಮೊಬೈಲ್ ಬೆಳಕು ಹಿಡಿದು ಹಿಂದಕ್ಕೆ, ಹಿಂದಕ್ಕೆ ಎಂದು ಕಿರುಚಿದೆ. ಕತ್ತಲಲ್ಲಿ ಮೇಜುಗಳು ಉರುಳಿದವು. ಯಾರೋ ಕಿಟಕಿಯ ಕಾಗದಕ್ಕೆ ಉಗುರು ಹಾಕಿ ಹರಿದರು. ಬಿಸಿಲಿನ ಒಂದು ಪಟ್ಟಿ ಒಳಗೆ ಬಿತ್ತು, ಅದರಲ್ಲಿ ಹೊಗೆ ಸುರುಳಿ ಸುತ್ತುವುದು ಕಂಡಿತು. ನನಗೆ ಭಯವಾಯಿತು.

“ಕೀಲಿಕೈ! ಪದ್ಮಿನಮ್ಮಾ, ಕೀಲಿಕೈ!”

ಪದ್ಮಿನಮ್ಮ ಆಗಲೇ ಬಾಗಿಲ ಹತ್ತಿರ ಇದ್ದರು. ಕೋಟಿನ ಕುತ್ತಿಗೆಯಲ್ಲಿ ಕೈ ಹಾಕಿ ಪಿನ್ನು ಬಿಚ್ಚಲು ಒದ್ದಾಡುತ್ತಿದ್ದರು. “ರಾಯರೇ, ರಾಯರೇ,” ಎನ್ನುತ್ತಿದ್ದರು. ನಾನು ಬೆಳಕು ಹಿಡಿದೆ. ಕೊನೆಗೆ ಪಿನ್ನನ್ನೇ ಬಾಗಿಸಿ ಕಿತ್ತರು. ಬೆರಳಲ್ಲಿ ರಕ್ತ. ಕೀಲಿಕೈ ತಿರುಗಿತು, ಬಾಗಿಲು ತೆರೆಯಿತು, ಕತ್ತಿರಿಯ ಬಿಸಿಲು ಕಣ್ಣಿಗೆ ಚುಚ್ಚಿತು.

ಆಮೇಲೆ ನಡೆದದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಎಲ್ಲರಿಗಿಂತ ಮುಂದೆ, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಅಮುದಾ ಇದ್ದಳು. ಹೊಸ್ತಿಲ ಮೇಲೆ ಅವಳು ನಿಂತಳು. ನಿಂತು, ಬಗ್ಗಿ, ನೀಲಿ ಚಪ್ಪಲಿ ಕಳಚತೊಡಗಿದಳು. ಅವಳ ಹಿಂದಿನವಳೂ ಬಗ್ಗಿದಳು, ಅವಳ ಹಿಂದಿನವಳೂ. ಅಲ್ಲಿ ರ್‍ಯಾಕೂ ಇರಲಿಲ್ಲ, ಅವರ ಚಪ್ಪಲಿಗಳೂ ಇರಲಿಲ್ಲ. ಆದರೆ ಹೊಸ್ತಿಲು ಕಂಡರೆ ಬಗ್ಗಬೇಕೆಂದು ಎಷ್ಟೋ ವರ್ಷದಿಂದ ಕಲಿತ ಬೆನ್ನುಗಳು ಅವು. ನಾನು ಕನ್ನಡದಲ್ಲಿ, ತಮಿಳಿನಲ್ಲಿ, ಬಾಯಿಗೆ ಬಂದದ್ದರಲ್ಲಿ ಕೂಗಿದೆ. ಒಬ್ಬರೂ ಕೇಳಲಿಲ್ಲ. ಹೊಗೆ ಬೆನ್ನಿಗೆ ಬಂದಿತ್ತು.

ಪದ್ಮಿನಮ್ಮ ಆ ಬಗ್ಗಿದ ಬೆನ್ನುಗಳನ್ನು ನೋಡಿದರು. ತಮ್ಮ ಕಾಲು ನೋಡಿಕೊಂಡರು. ಅಮುದಾಳ ರಟ್ಟೆ ಹಿಡಿದು ಎಬ್ಬಿಸಿ, ತಮ್ಮ ನೀಲಿ ಚಪ್ಪಲಿಯ ಕಾಲನ್ನು ಹೊಸ್ತಿಲಾಚೆ, ಧೂಳು ಕೂತ ಕಬ್ಬಿಣದ ಮೆಟ್ಟಿಲ ಮೇಲೆ ಧಡ್ ಎಂದು ಇಟ್ಟರು. ಇನ್ನೊಂದು ಕಾಲನ್ನೂ ಇಟ್ಟರು. ತಿರುಗಿ ಕೂಗಿದರು.

“ಪೋಟ್ಟುಕ್ಕಿಟ್ಟೇ ವಾಂಗಡೀ! ಎಲ್ಲಾರುಂ!”

ಹಾಕಿಕೊಂಡೇ ಬನ್ನಿರೇ, ಎಲ್ಲರೂ. ಅದೇ ಗಂಟಲು, ವಾಚ್‌ಮನ್ನಿಗೂ ಕೇಳಿಸುವ ಅದೇ ಕೂಗು. ಬಗ್ಗಿದ್ದ ಬೆನ್ನುಗಳೆಲ್ಲ ಒಟ್ಟಿಗೆ ಎದ್ದವು. ನೀಲಿ ಚಪ್ಪಲಿಗಳು ದಡದಡನೆ ಮೆಟ್ಟಿಲಿಳಿದವು. ಆ ಬಿಸಿಲಿಗೆ ಕಬ್ಬಿಣ ದೋಸೆ ಕಾವಲಿಯಾಗಿತ್ತು, ಬರಿಗಾಲಲ್ಲಿ ಒಂದು ಮೆಟ್ಟಿಲೂ ಇಳಿಯಲು ಆಗುತ್ತಿರಲಿಲ್ಲ. ಕೊನೆಯವಳಾಗಿ ನಾನಿಳಿದೆ. ಅಂಗಳದಲ್ಲಿ ಎಣಿಸಿದೆವು, ಮತ್ತೆ ಎಣಿಸಿದೆವು. ಎಲ್ಲರೂ ಇದ್ದರು.

ಬೆಂಕಿ ಸಣ್ಣದು, ಹೊಗೆಯೇ ದೊಡ್ಡದು. ಅಗ್ನಿಶಾಮಕದವರು ಬಂದು ಆರಿಸಿದರು. ಮೇಜುಗಳ ಮೇಲಿದ್ದ ಬೋರ್ಡುಗಳೆಲ್ಲ ಮಸಿ ಬಳಿದುಕೊಂಡು ಕಸವಾಗಿದ್ದವು. ಪದ್ಮಿನಮ್ಮ ಹೊಂಗೆ ಮರದ ಬುಡದಲ್ಲಿ ಕೂತು ತಮ್ಮ ಧೂಳಾದ ನೀಲಿ ಚಪ್ಪಲಿಗಳನ್ನೇ ನೋಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಅವರ ಬೆರಳಿಗೆ ಕರ್ಚೀಫು ಸುತ್ತಿದೆ. ಅವರು ಮಗಳಿಗೆ ಫೋನ್ ಮಾಡಿದರು. ಅಳಿಯ ಅವರ ಬಾಯಲ್ಲಿ ಮಾಪಿಳ್ಳೆ.

“ವಸೂ, ಮಾಪಿಳ್ಳೆ ಫೋನ್ ಬಂದ್ರೆ ಹೇಳು, ನಮ್ಮ ಬೋರ್ಡ್ ಸ್ವಲ್ಪ ದಿನ ಬರೋದಿಲ್ಲ ಅಂತ ಹೇಳು. ಹುಷಾರಾಗಿರಕ್ಕೆ ಹೇಳು.” ಫೋನಿಟ್ಟು, ಸೆರಗಿಗೆ ಮುಖ ಒತ್ತಿಕೊಂಡು ಅತ್ತರು. ನಾನೂ ಅತ್ತೆ. ಸುಮ್ಮನೆ ಅತ್ತೆವು, ಯಾರೂ ಸತ್ತಿಲ್ಲ ಎಂದು.

ಹಾಲ್ ತೊಳೆದು, ವೈರು ಬದಲಿಸಿ, ಮತ್ತೆ ಕೆಲಸ ಶುರುವಾಗುವ ದಿನ ಮಾಲೀಕರು ಮೇಲೆ ಬಂದರು. ಗಡಿಯಲ್ಲಿ ಯಾವಾಗ ಬೇಕಾದರೂ ಮತ್ತೆ ಹೊತ್ತಿಕೊಳ್ಳಬಹುದು, ಎಚ್ಚರ ಒಳ್ಳೆಯದು, ಹಿಂಬಾಗಿಲಿನ ಕೀಲಿಕೈ ಎಲ್ಲಿ ಎಂದು ಕೇಳಿದರು. ನನ್ನ ಮೈ ಉರಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಪದ್ಮಿನಮ್ಮ ಕೈ ಕಟ್ಟಿಕೊಂಡು ತಮಿಳಿನಲ್ಲಿ ಹೇಳಿದರು. ಕೀಲಿಕೈ ರಾಯರ ಮಠದ ಹುಂಡಿಯಲ್ಲಿದೆ. ಅಳಿಯನ ಹೆಸರಲ್ಲಿ ಮುಡಿಪು ಕಟ್ಟಿ ಹಾಕಿದ್ದೇನೆ. ಮುಡಿಪು ಹಾಕಿದ್ದನ್ನು ದೇವರ ಹತ್ತಿರ ವಾಪಸು ಕೇಳುವುದಿಲ್ಲ.

ಹಾಗಾದರೆ ಹೊಸ ಬೀಗ ತರಿಸುತ್ತೇನೆ ಎಂದರು ಮಾಲೀಕರು. ಹೊಸ ಬೀಗ ತರುವಾಗ ಹೊಸ ಸೂಪರ್‌ವೈಸರನ್ನೂ ಕರೆದುಕೊಂಡು ಬನ್ನಿ ಎಂದರು ಪದ್ಮಿನಮ್ಮ. ಅವರ ಹಿಂದೆ ಅಮುದಾ ಎದ್ದು ನಿಂತಳು, ಆಮೇಲೆ ಇಡೀ ಸಾಲು. ಅದೇ ವಾರ ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲು ಬಂತು. ರ್‍ಯಾಕನ್ನು ಪದ್ಮಿನಮ್ಮನೇ ಎಳೆದು ಮೂಲೆಗೆ ಹಾಕಿದರು. ಅಳಿಯನ ಫೋನು ಬಂದದ್ದು ಅದಾದ ಎರಡು ದಿನಕ್ಕೆ. ಹಾಲಿನ ನಡುವೆ ನಿಂತು, “ಬಂತೇ ಭಾರತಿ!” ಎಂದು ಅವರು ಕೂಗಿದ್ದು ಕೆಳಗೆ ನನ್ನ ಕೋಣೆಗೂ ಕೇಳಿಸಿತು.

ರಿಪೇರಿ ಅಂಗಡಿಯವರು ಮೊಬೈಲು ಮುಚ್ಚಿ ಕೈಗೆ ಕೊಟ್ಟರು. ಸರಿಯಾಗಿದೆಯೇ ನೋಡಲು ಯಾರಿಗಾದರೂ ಫೋನ್ ಮಾಡಿ ಎಂದರು. ಪದ್ಮಿನಮ್ಮನಿಗೆ ಮಾಡಿದೆ. ಈಗ ಅವರು ಕೆಲಸ ಬಿಟ್ಟು ಮನೆಯಲ್ಲೇ ಇದ್ದಾರೆ.

“ಎಲ್ಲಿದ್ದೀಯೇ?”

“ನಿಮ್ ಏರಿಯಾದಲ್ಲೇ ಕಣಮ್ಮ, ಕೊಳದ ಹತ್ರ. ಮೊಬೈಲ್ ರಿಪೇರಿ ಅಂಗಡೀಲಿ.”

“ಆ ಬೆಂಕಿಪೊಟ್ಟಣದಂಥ ಅಂಗಡೀಲಾ? ಹಿಂದೆ ಬಾಗ್ಲಿದ್ಯಾ ಅದಕ್ಕೆ?”

“ಐತೆ. ಟೀವಿ ಪೇರಿಸವ್ರೆ ಅಡ್ಡಕ್ಕೆ.”

“ಫೋನ್ ಅವನ ಕೈಗೆ ಕೊಡು.”

ಕೊಟ್ಟೆ. ಆತ ಕಿವಿಗಿಟ್ಟುಕೊಂಡು ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ಹಿಂದಕ್ಕೆ ನೋಡಿದರು. ಆಮೇಲೆ “ಸರಿಂಗಮ್ಮಾ, ಸರಿಂಗಮ್ಮಾ,” ಎನ್ನುತ್ತ ಎದ್ದು, ಮೇಲಿನ ಟೀವಿಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಡತೊಡಗಿದರು.